ಉತ್ತರ ಅಮೆರಿಕದ ಚಪ್ಪಟೆ ಬಾಕ್ಸ್: ಕ್ಯೂಜಿಐಎಸ್‌ನಲ್ಲಿ ಬಾಕ್ಸ್‌ಪ್ಲಾಟ್ ಬರೆದ ಒಂದು ಪ್ರಕರಣ

ಪ್ರಪಂಚದ ಜನಸಾಂದ್ರತೆಯ ಬಗ್ಗೆ ಒಂದು ಪುಟ ತಯಾರಾಗುತ್ತಿತ್ತು. ಎಡಗಡೆ ದೇಶಗಳ ನಕ್ಷೆ, ಬಲಗಡೆ ಖಂಡಕ್ಕೊಂದರಂತೆ ಬಾಕ್ಸ್‌ಪ್ಲಾಟ್. ಎರಡೂ ಒಂದೇ ಲೇಯರಿನಿಂದ, ಅಂದರೆ ಆಕಾರಗಳೂ ಅವುಗಳ ಅಂಕಿಗಳ ಟೇಬಲೂ ಸೇರಿದ ಒಂದೇ ನಕ್ಷೆ ಡೇಟಾದಿಂದ, ಬರಬೇಕು. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನಲ್ಲೇ ಆಗಬೇಕು. ಕೆಲಸ ಮಾಡುತ್ತಿದ್ದವರು ನನ್ನ ಪರಿಚಯದ ಒಬ್ಬ ನಕ್ಷೆಗಾರ್ತಿ. ನಕ್ಷೆ ಮಾಡುವುದರಲ್ಲಿ ಅವರ ಕೈ ಪಳಗಿದೆ. ಬಾಕ್ಸ್‌ಪ್ಲಾಟ್ ಮಾತ್ರ ಹೊಸದು. ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿ ನಡುವಿನ ಅರ್ಧವನ್ನು ಒಂದು ಬಾಕ್ಸಾಗಿ ತೋರಿಸುವ ಚಿತ್ರ ಅದು. ಬಾಕ್ಸಿನ ಕೆಳಗಿನ ಅಂಚು ಮೊದಲ ಕ್ವಾರ್ಟೈಲ್, ಮೇಲಿನ ಅಂಚು ಮೇಲಿನ ಕ್ವಾರ್ಟೈಲ್, ಒಳಗಿನ ಗೆರೆ ನಟ್ಟನಡುವಿನ ಅಂಕಿ, ಅಂದರೆ ಮೀಡಿಯನ್. ಬಾಕ್ಸಿನಿಂದ ಹೊರಡುವ ಗೆರೆಗಳು ಮೀಸೆಗಳು, ಅವುಗಳಿಗೂ ಆಚೆ ಬೀಳುವ ಚುಕ್ಕಿಗಳು ಔಟ್‌ಲೈಯರ್.

ಅವರು ಕಳಿಸಿದ ಚಿತ್ರದಲ್ಲಿ ಉತ್ತರ ಅಮೆರಿಕದ ಬಾಕ್ಸ್ ತಳಕ್ಕೆ ಅಂಟಿಕೊಂಡಿತ್ತು. ಮೀಡಿಯನ್ ಗೆರೆ ಬಾಕ್ಸಿನ ನಡುವೆ ಎಲ್ಲೂ ಕಾಣಲಿಲ್ಲ. ಹತ್ತಿರದಿಂದ ನೋಡಿದರೆ ಅದು ಬಾಕ್ಸಿನ ಕೆಳಗಿನ ಅಂಚಿನ ಮೇಲೇ ಕೂತಿತ್ತು. ಅದರ ಮೇಲೆ ಸಾಲಾಗಿ ಚುಕ್ಕಿಗಳು. ಕ್ಯೂಬಾ, ಗ್ವಾಟೆಮಾಲಾ, ಜಮೈಕಾ, ಎಲ್ ಸಾಲ್ವಡಾರ್, ಹೈಟಿ, ಎಲ್ಲವೂ ಔಟ್‌ಲೈಯರ್. ಅವರ ಪ್ರಶ್ನೆ ನೇರವಾಗಿತ್ತು: "ಒಂದು ಖಂಡದಲ್ಲಿ ಇಷ್ಟೊಂದು ದೇಶ ಔಟ್‌ಲೈಯರ್ ಆಗೋಕೆ ಸಾಧ್ಯಾನಾ? ಡೇಟಾ ತಪ್ಪಾ, ಇಲ್ಲಾ ನಾನು ಒತ್ತಿದ ಬಟನ್ ತಪ್ಪಾ?"

ಬಟನ್ ಸರಿಯಾಗಿಯೇ ಇತ್ತು. ಡೇಟಾದ ಅಂಕಿಗಳೂ ಸರಿಯಾಗಿದ್ದವು. ಹಾಗಿದ್ದೂ ಚಿತ್ರ ತಪ್ಪು. ಈ ಪ್ರಕರಣವನ್ನು ಪೂರ್ತಿ ಬರೆಯಬೇಕು ಅನ್ನಿಸಿದ್ದು ಅದಕ್ಕೇ. ನಕ್ಷೆಯ ಡೇಟಾದಿಂದ ಬಾಕ್ಸ್‌ಪ್ಲಾಟ್ ಬರೆಯುವಾಗ ಎಡವುವ ಜಾಗಗಳು ಬಹುತೇಕ ಎಲ್ಲವೂ ಈ ಒಂದೇ ಪುಟದಲ್ಲಿ ಸಿಕ್ಕಿದವು.

ಡೇಟಾ ಏನು, ಚಿತ್ರ ಬಂದದ್ದು ಹೇಗೆ

ಲೇಯರ್ ನ್ಯಾಚುರಲ್ ಅರ್ಥ್‌ನದು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಪ್ರಪಂಚದ ನಕ್ಷೆ ಡೇಟಾ ಅದು. 1:10 ದಶಲಕ್ಷ, 1:50 ದಶಲಕ್ಷ, 1:110 ದಶಲಕ್ಷ ಎಂಬ ಮೂರು ಅಳತೆಗಳಲ್ಲಿ ಸಿಗುತ್ತದೆ. ಪುಟ ಚಿಕ್ಕದು, ಹಾಗಾಗಿ ಅವರು ತೆಗೆದುಕೊಂಡದ್ದು ಅತಿ ಸರಳವಾದ 1:110 ದಶಲಕ್ಷದ ದೇಶಗಳ ಲೇಯರ್. ಅದರಲ್ಲಿ 177 ಸಾಲುಗಳಿವೆ. ಪ್ರತಿ ಸಾಲಿನಲ್ಲೂ ದೇಶದ ಹೆಸರು, ಖಂಡ, ಅಂದಾಜು ಜನಸಂಖ್ಯೆ, ಹಲವು ಬಗೆಯ ದೇಶ ಕೋಡ್‌ಗಳು ಇರುತ್ತವೆ. ವಿಸ್ತೀರ್ಣದ ಫೀಲ್ಡ್, ಅಂದರೆ ಕಾಲಮ್, ಇಲ್ಲ. ಹಾಗಾಗಿ ದೇಶಗಳ ವಿಸ್ತೀರ್ಣ ಇದ್ದ ಒಂದು ಬೇರೆ ಪಟ್ಟಿಯನ್ನು ಮೂರಕ್ಷರದ ಐಎಸ್‌ಒ ಕೋಡ್ (ದೇಶಗಳ ಅಂತರರಾಷ್ಟ್ರೀಯ ಗುರುತು) ಮೂಲಕ ಜಾಯಿನ್ ಮಾಡಿದರು, ಅಂದರೆ ಕೋಡ್ ಹೊಂದುವ ಸಾಲಿಗೆ ಸಾಲು ಸೇರಿಸಿದರು. ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ 'ಸಾಂದ್ರತೆ' ಅಂತ ಹೊಸ ಫೀಲ್ಡ್ ಮಾಡಿದರು. ಚದರ ಕಿಲೋಮೀಟರಿಗೆ ಇಷ್ಟು ಜನ.

ಆಮೇಲೆ ಇನ್ನೊಂದು ಕೆಲಸ ಆಯಿತು. ಈ ಲೇಯರಿನಲ್ಲಿ ಫ್ರೆಂಚ್ ಗಯಾನಾ ಬೇರೆ ಸಾಲಾಗಿ ಇಲ್ಲ. ಅದು ದಕ್ಷಿಣ ಅಮೆರಿಕದ ಮೇಲೆ ಕಂಡರೂ ಫ್ರಾನ್ಸಿನ ಸಾಲಿನದೇ ಒಂದು ತುಂಡು. ನಕ್ಷೆಯಲ್ಲಿ ಅದಕ್ಕೆ ಬೇರೆ ಬಣ್ಣ ಕೊಡಬೇಕೆಂದು ಅವರು 'ಮಲ್ಟಿಪಾರ್ಟ್ ಟು ಸಿಂಗಲ್‌ಪಾರ್ಟ್ಸ್' ಉಪಕರಣ ಓಡಿಸಿದರು. ಹೀಗೆ ಮಾಡಿದರೆ ಹಲವು ತುಂಡುಗಳಿರುವ ದೇಶ ತುಂಡಿಗೊಂದು ಸಾಲಾಗುತ್ತದೆ. ಬಂದ ಹೊಸ ಲೇಯರನ್ನೇ ನಕ್ಷೆಗೂ ಬಳಸಿದರು, ಬಾಕ್ಸ್‌ಪ್ಲಾಟಿಗೂ ಬಳಸಿದರು.

ಬಾಕ್ಸ್‌ಪ್ಲಾಟ್ ಬರೆಯಲು ಕ್ಯೂಜಿಐಎಸ್‌ನಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ಪ್ಲಾಟ್ಸ್ ಗುಂಪಿನ 'ಬಾಕ್ಸ್ ಪ್ಲಾಟ್'. ಲೇಯರ್, ಗುಂಪು ಮಾಡುವ ಫೀಲ್ಡ್, ಅಂಕಿಯ ಫೀಲ್ಡ್ ಕೊಟ್ಟರೆ ಬ್ರೌಸರಿನಲ್ಲಿ ತೆರೆಯುವ ಒಂದು ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ. ಇನ್ನೊಂದು, ಡೇಟಾ ಪ್ಲಾಟ್ಲಿ ಎಂಬ ಪ್ಲಗಿನ್. ನನಗೆ ಇದೇ ಜಾಸ್ತಿ ಇಷ್ಟ. ಚಿತ್ರ ಕ್ಯೂಜಿಐಎಸ್ ಒಳಗೇ ಇರುತ್ತದೆ. ಫೀಲ್ಡ್ ಬದಲು ಎಕ್ಸ್‌ಪ್ರೆಶನ್ (ಲೆಕ್ಕದ ಸೂತ್ರ) ಕೂಡ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಪ್ಲಾಟಿನಲ್ಲಿ ಆರಿಸಿದ್ದು ನಕ್ಷೆಯಲ್ಲಿ ಸೆಲೆಕ್ಟ್ ಆಗುತ್ತದೆ. ಎರಡೂ ದಾರಿಗಳ ಹಿಂದೆ ಚಿತ್ರ ಬರೆಯುವುದು ಪ್ಲಾಟ್ಲಿ ಎಂಬ ಒಂದೇ ಲೈಬ್ರರಿ. ಅವರು ಬಳಸಿದ್ದು ಪ್ಲಗಿನ್.

ಚಪ್ಪಟೆ ಬಾಕ್ಸಿನ ಕಾರಣ

ಇಂಥ ಚಿತ್ರ ಕೈಗೆ ಬಂದಾಗ ನಾನು ಮೊದಲು ನೋಡುವುದು ಆಟ್ರಿಬ್ಯೂಟ್ ಟೇಬಲ್, ಅಂದರೆ ಲೇಯರಿನ ಮಾಹಿತಿಯ ಟೇಬಲ್. ಪ್ಲಾಟಿನ ಸೆಟ್ಟಿಂಗ್‌ಗಳ ಸರದಿ ಆಮೇಲೆ. ಉತ್ತರ ಅಮೆರಿಕ ಮಾತ್ರ ಕಾಣುವಂತೆ ಫಿಲ್ಟರ್ ಹಾಕಿ, ಸಾಂದ್ರತೆಯ ಮೇಲೆ ಸಾಲುಗಳನ್ನು ಜೋಡಿಸಿದೆವು. ಟೇಬಲಿನಲ್ಲಿ ಕೆನಡಾ, ಕೆನಡಾ, ಕೆನಡಾ ಅಂತ ಸಾಲು ಸಾಲಾಗಿ ಬಂತು. ಉತ್ತರದ ದ್ವೀಪಗಳೆಲ್ಲ ಒಂದೊಂದು ಸಾಲಾಗಿದ್ದವು. ಪ್ರತಿಯೊಂದರ ಎದುರೂ ಅದೇ ಸಾಂದ್ರತೆ, ಚದರ ಕಿಲೋಮೀಟರಿಗೆ ಸುಮಾರು 4 ಜನ. ತುಂಡು ಮಾಡುವಾಗ ಕ್ಯೂಜಿಐಎಸ್ ಆಕಾರವನ್ನಷ್ಟೇ ಒಡೆಯುತ್ತದೆ. ಆಟ್ರಿಬ್ಯೂಟ್‌ಗಳನ್ನು ಪ್ರತಿ ತುಂಡಿಗೂ ಹಾಗೇ ನಕಲು ಮಾಡುತ್ತದೆ.

ಗುಂಪಿನ ಸುಮಾರು ಅರ್ಧ ಸಾಲುಗಳು ಕೆನಡಾದವೇ ಆದಾಗ ಏನಾಗುತ್ತದೆ? ಕೆನಡಾದ ಸಾಂದ್ರತೆ ಆ ಖಂಡದಲ್ಲಿ ತೀರಾ ಕಡಿಮೆ. ಅದಕ್ಕಿಂತ ಕೆಳಗಿರುವುದು ಗ್ರೀನ್‌ಲ್ಯಾಂಡ್ ಒಂದೇ. ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದರೆ ಕೆಳಗಿನ ಅರ್ಧ ಪೂರ್ತಿ ಕೆನಡಾ ತುಂಬಿಕೊಳ್ಳುತ್ತದೆ. ಹಾಗಾಗಿ ಮೊದಲ ಕ್ವಾರ್ಟೈಲ್ ಕೆನಡಾ, ಮೀಡಿಯನ್ನೂ ಕೆನಡಾ. ಮೇಲಿನ ಕ್ವಾರ್ಟೈಲಿನ ಹತ್ತಿರ ಬರುವುದು ಅಮೆರಿಕ ಸಂಯುಕ್ತ ಸಂಸ್ಥಾನ. ಅಲಾಸ್ಕಾ, ಹವಾಯಿ ದ್ವೀಪಗಳು ಒಡೆದು ಅದಕ್ಕೂ ಹಲವು ಸಾಲುಗಳಾಗಿವೆ. ಅದರ ಸಾಂದ್ರತೆ ಸುಮಾರು 35. ಬಾಕ್ಸ್ 4ರಿಂದ 35ರವರೆಗೆ. ಎತ್ತರ 31. ಔಟ್‌ಲೈಯರಿನ ಗಡಿ ಅಂದರೆ ಮೇಲಿನ ಕ್ವಾರ್ಟೈಲಿಗೆ ಆ ಎತ್ತರದ ಒಂದೂವರೆ ಪಟ್ಟು ಸೇರಿಸಿದ್ದು. ಅದು ಸುಮಾರು 82. ಕ್ಯೂಬಾದ ಸಾಂದ್ರತೆ ನೂರರ ಆಸುಪಾಸು. ಜಮೈಕಾದ್ದು 270ರ ಹತ್ತಿರ. ಹೈಟಿಯದು ಅದಕ್ಕಿಂತಲೂ ಜಾಸ್ತಿ. ಎಲ್ಲವೂ ಗಡಿಯ ಹೊರಗೆ ಬಿದ್ದವು.

ಲೆಕ್ಕದ ಪ್ರಕಾರ ಎಲ್ಲ ಸರಿ. ಆದರೆ ಆ ಚಿತ್ರ ಹೇಳುತ್ತಿದ್ದದ್ದು ಉತ್ತರ ಅಮೆರಿಕದ ದೇಶಗಳ ವಿಷಯವಲ್ಲ, ಉತ್ತರ ಅಮೆರಿಕದ ಪಾಲಿಗನ್‌ಗಳ, ಅಂದರೆ ನಕ್ಷೆಯ ತುಂಡುಗಳ, ವಿಷಯ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಕ್ಷೆಯಲ್ಲಿ ಈ ತಪ್ಪು ಕಾಣುವುದೇ ಇಲ್ಲ, ಅಲ್ವಾ? ಕೆನಡಾ ಒಂದು ಸಾಲಾಗಿದ್ದರೂ ಒಂದೇ ಬಣ್ಣ, ಹಲವು ಸಾಲಾಗಿದ್ದರೂ ಅದೇ ಬಣ್ಣ. ನಕ್ಷೆಯಲ್ಲಿ ಕಣ್ಣು ತೂಕ ಕೊಡುವುದು ಜಾಗಕ್ಕೆ. ಬಾಕ್ಸ್‌ಪ್ಲಾಟಿಗೆ ಜಾಗ ಗೊತ್ತಿಲ್ಲ, ಆಕಾರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಾಲು ಮಾತ್ರ. ಚುನಾವಣೆಯಲ್ಲಿ ಒಬ್ಬರಿಗೆ ಒಂದು ಓಟು ಇದ್ದಂತೆ ಸಾಲಿಗೆ ಒಂದು ಓಟು. ಮೂಲ ಲೇಯರಿನಲ್ಲಿ ರಷ್ಯಾಕ್ಕೂ ಒಂದು, ಜಮೈಕಾಕ್ಕೂ ಒಂದು. ಒಡೆದ ಲೇಯರಿನಲ್ಲಿ ದ್ವೀಪ ಜಾಸ್ತಿ ಇದ್ದವರಿಗೆ ಓಟು ಜಾಸ್ತಿ. ಹಾಗಾಗಿ ನಕ್ಷೆಯ ಟೇಬಲಿನಿಂದ ಯಾವ ಬಾಕ್ಸ್‌ಪ್ಲಾಟ್ ಬರೆಯುವ ಮೊದಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇಲ್ಲಿ ಒಂದು ಸಾಲು ಅಂದರೆ ಏನು?

ಸಾಲುಗಳು ಹೆಚ್ಚಾಗಲು ಒಡೆಯುವುದೊಂದೇ ಕಾರಣವಲ್ಲ. ಎರಡು ಲೇಯರ್ ಒಂದರ ಮೇಲೊಂದು ಇಟ್ಟು ಕತ್ತರಿಸುವ ಇಂಟರ್‌ಸೆಕ್ಷನ್ ಮಾಡಿದರೆ ಒಂದು ಫೀಚರ್ (ನಕ್ಷೆಯ ಒಂದು ವಸ್ತು) ಹಲವು ಚೂರಾಗುತ್ತದೆ. ಸ್ಥಳದ ಆಧಾರದ ಮೇಲೆ ಜಾಯಿನ್ ಮಾಡುವಾಗ ಒಂದಕ್ಕೆ ಹಲವು ಹೊಂದಿಕೆ ಬಿಡುವ ಆಯ್ಕೆ ಹಾಕಿದರೂ ಅಷ್ಟೇ. ರಸ್ತೆಗಳ ಲೇಯರಿನಲ್ಲಿ ಒಂದೇ ರಸ್ತೆ ಪ್ರತಿ ಕೂಡುದಾರಿಯಲ್ಲೂ ತುಂಡಾಗಿರುತ್ತದೆ. ನಕ್ಷೆ ಎಲ್ಲ ಸಲವೂ ಮೊದಲಿನ ಹಾಗೇ ಕಾಣುತ್ತದೆ. ಬಾಕ್ಸ್ ಮಾತ್ರ ಜರುಗಿರುತ್ತದೆ.

ಒಂದು ವೇಳೆ ಅವರು ಒಡೆದ ಮೇಲೆ ಸಾಂದ್ರತೆ ಲೆಕ್ಕ ಹಾಕಿದ್ದರೆ ಇನ್ನೂ ಕೆಡುತ್ತಿತ್ತು. ಪ್ರತಿ ದ್ವೀಪದ ಎದುರೂ ಇಡೀ ಕೆನಡಾದ ಜನಸಂಖ್ಯೆ ಇದೆ. ಅದನ್ನು ಆ ದ್ವೀಪದ ವಿಸ್ತೀರ್ಣದಿಂದ ಭಾಗಿಸಿದರೆ, ಜನರೇ ಇಲ್ಲದ ಹಿಮದ ದ್ವೀಪ ಪ್ರಪಂಚದಲ್ಲೇ ಅತಿ ದಟ್ಟ ಜಾಗ ಆಗಿಬಿಡುತ್ತಿತ್ತು.

ಪರಿಹಾರ ಸರಳ. ನಕ್ಷೆಗೆ ಒಡೆದ ಲೇಯರ್ ಇರಲಿ, ಪ್ಲಾಟಿಗೆ ಮೂಲ ಲೇಯರ್ ಇರಲಿ. ಒಂದೇ ಪ್ರಾಜೆಕ್ಟಿನಲ್ಲಿ ಎರಡೂ ಇದ್ದರೆ ಏನೂ ತೊಂದರೆಯಿಲ್ಲ. ಮೂಲ ಲೇಯರ್ ಕೈಯಲ್ಲಿ ಇಲ್ಲದಿದ್ದರೆ ದೇಶದ ಕೋಡ್ ಕೊಟ್ಟು 'ಡಿಲೀಟ್ ಡೂಪ್ಲಿಕೇಟ್ಸ್ ಬೈ ಆಟ್ರಿಬ್ಯೂಟ್' ಓಡಿಸಬಹುದು. ಕೋಡಿಗೊಂದು ಸಾಲು ಉಳಿಯುತ್ತದೆ. ಆಕಾರ ಅರ್ಧಂಬರ್ಧ ಆಗುತ್ತದೆ, ಪ್ಲಾಟಿಗೆ ಆಕಾರ ಬೇಕಾಗಿಲ್ಲ. ಆದರೆ ಕೊಡುವ ಕೋಡ್ ಪ್ರತಿ ದೇಶಕ್ಕೂ ಬೇರೆ ಬೇರೆ ಇರಲೇಬೇಕು. ಅದು ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೂಲ ಲೇಯರಿಗೆ ಮರಳಿದಾಗ ಉತ್ತರ ಅಮೆರಿಕಕ್ಕೆ 18 ಸಾಲು ಸಿಕ್ಕಿತು. ಬಾಕ್ಸ್ ಸುಮಾರು 35ರಿಂದ 270ರವರೆಗೆ ಹರಡಿಕೊಂಡಿತು. ಮೀಡಿಯನ್ 90ರ ಆಸುಪಾಸಿಗೆ ಏರಿತು. ಮೇಲಿನ ಚುಕ್ಕಿಗಳು ಒಂದೂ ಉಳಿಯಲಿಲ್ಲ. ಹೈಟಿ ಔಟ್‌ಲೈಯರ್ ಅಲ್ಲ, ಆ ಖಂಡದ ದಟ್ಟ ದೇಶಗಳಲ್ಲಿ ಒಂದು, ಅಷ್ಟೇ.

ಕಾಣೆಯಾದ ಫ್ರಾನ್ಸ್

ಇಲ್ಲಿಗೆ ಕೆಲಸ ಮುಗಿಯಿತು ಅಂತ ಅವರು ಅಂದುಕೊಂಡರು. ಬಾಕ್ಸ್‌ಪ್ಲಾಟಿನ ಒಂದು ದೊಡ್ಡ ಕೊರತೆ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಬಾಕ್ಸಿನ ಹಿಂದೆ ಎಷ್ಟು ಅಂಕಿ ಇವೆ ಅಂತ ಅದು ಹೇಳುವುದಿಲ್ಲ. ಐವತ್ತು ಸಾಲಿನ ಬಾಕ್ಸೂ ಏಳು ಸಾಲಿನ ಬಾಕ್ಸೂ ನೋಡಲು ಒಂದೇ ಥರ. ಹಾಗಾಗಿ ಎಣಿಕೆಯನ್ನು ಬೇರೆಯಾಗಿ ತೆಗೆಯಬೇಕು.

ಟೂಲ್‌ಬಾಕ್ಸ್‌ನ 'ಸ್ಟ್ಯಾಟಿಸ್ಟಿಕ್ಸ್ ಬೈ ಕೆಟಗರೀಸ್' ಇದಕ್ಕೆ ಹೇಳಿ ಮಾಡಿಸಿದ ಉಪಕರಣ. ಖಂಡದ ಫೀಲ್ಡ್ ಕೊಟ್ಟರೆ ಪ್ರತಿ ಖಂಡದ ಎಣಿಕೆ ಬರುತ್ತದೆ. ಅಂಕಿಯ ಫೀಲ್ಡನ್ನೂ ಕೊಟ್ಟರೆ ಎಣಿಕೆಯ ಜೊತೆ ಕನಿಷ್ಠ, ಗರಿಷ್ಠ, ಸರಾಸರಿ, ಮೀಡಿಯನ್, ಎರಡು ಕ್ವಾರ್ಟೈಲ್, ಅವುಗಳ ನಡುವಿನ ಅಂತರ ಎಲ್ಲ ಒಂದು ಟೇಬಲಾಗಿ ಬರುತ್ತದೆ. ಮೊದಲು ಖಂಡ ಮಾತ್ರ ಕೊಟ್ಟೆವು. ಆಫ್ರಿಕಾ 51, ಏಷ್ಯಾ 47, ಯುರೋಪ್ 39, ಉತ್ತರ ಅಮೆರಿಕ 18, ದಕ್ಷಿಣ ಅಮೆರಿಕ 13, ಓಷಿಯಾನಿಯಾ 7, ಅಂಟಾರ್ಕ್ಟಿಕಾ 1, ಮತ್ತೆ 'ಏಳು ಸಮುದ್ರಗಳು' ಎಂಬ ವಿಚಿತ್ರ ಹೆಸರಿನ ಗುಂಪಿನಲ್ಲಿ 1. ಒಟ್ಟು 177. ಆಮೇಲೆ ಸಾಂದ್ರತೆಯ ಫೀಲ್ಡ್ ಸೇರಿಸಿ ಓಡಿಸಿದೆವು. ಯುರೋಪ್ 36ಕ್ಕೆ ಇಳಿಯಿತು. ಆಫ್ರಿಕಾ, ಏಷ್ಯಾ ಒಂದೊಂದು ಕಡಿಮೆ.

ಟೇಬಲಿನಲ್ಲಿ ಸಾಂದ್ರತೆ ಖಾಲಿ ಇರುವ ಸಾಲುಗಳನ್ನು ಹುಡುಕಿದರೆ ಸಿಕ್ಕಿದ್ದು ಐದು: ಫ್ರಾನ್ಸ್, ನಾರ್ವೆ, ಕೊಸೊವೊ, ಉತ್ತರ ಸೈಪ್ರಸ್, ಸೊಮಾಲಿಲ್ಯಾಂಡ್. ಐದಕ್ಕೂ ಮೂರಕ್ಷರದ ಐಎಸ್‌ಒ ಕೋಡಿನ ಜಾಗದಲ್ಲಿ -99 ಅಂತ ಬರೆದಿತ್ತು. ಮಾಹಿತಿ ಇಲ್ಲ, ಅಥವಾ ನೇರವಾಗಿ ಹೊಂದುವುದಿಲ್ಲ ಅನ್ನುವುದಕ್ಕೆ ನ್ಯಾಚುರಲ್ ಅರ್ಥ್ ಹಾಕುವ ಗುರುತು ಅದು. ಅವರು ಜಾಯಿನ್ ಮಾಡಿದ್ದು ಇದೇ ಕೋಡಿನ ಮೇಲೆ. ವಿಸ್ತೀರ್ಣದ ಪಟ್ಟಿಯಲ್ಲಿ -99 ಅನ್ನುವ ದೇಶ ಇರುವುದಿಲ್ಲ. ವಿಸ್ತೀರ್ಣ ಖಾಲಿ, ಅದರಿಂದ ಸಾಂದ್ರತೆಯೂ ಖಾಲಿ. ಖಾಲಿ ಸಾಲಿಗೆ ಬಾಕ್ಸ್‌ಪ್ಲಾಟಿನಲ್ಲಿ ಜಾಗವಿಲ್ಲ. ಸದ್ದಿಲ್ಲದೆ ಹೊರಗೆ.

ಫ್ರಾನ್ಸ್ ಇಲ್ಲದ ಯುರೋಪಿನ ಚಿತ್ರ ಅಚ್ಚಿಗೆ ಹೋಗುತ್ತಿತ್ತು. ಬಾಕ್ಸ್ ನೋಡಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ನಕ್ಷೆಯಲ್ಲಿ ಆದರೂ ಕಾಣಬೇಕಿತ್ತಲ್ಲ? ಅಲ್ಲಿ ಈ ದೇಶಗಳು ಬಣ್ಣವಿಲ್ಲದೆ ಖಾಲಿ ಬಿದ್ದಿದ್ದವು. ಆದರೆ ಲೇಯರಿನ ಕೆಳಗೆ ತಿಳಿ ಬಣ್ಣದ ಹಿನ್ನೆಲೆ ಇದ್ದುದರಿಂದ, ಕಡಿಮೆ ಸಾಂದ್ರತೆಯ ಬಣ್ಣದಂತೆಯೇ ಕಾಣುತ್ತಿತ್ತು.

ಇಲ್ಲೊಂದು ಮಾತು ಸೇರಿಸುತ್ತೇನೆ. -99 ಕೋಡಿನ ಜಾಗದಲ್ಲಿ ಇದ್ದರೆ ಸಾಲು ಕಾಣೆಯಾಗುತ್ತದೆ. ಅಂಕಿಯ ಜಾಗದಲ್ಲೇ -99 ಅಥವಾ -9999 ಇದ್ದರೆ ಇನ್ನೂ ಅಪಾಯ. ಸಾಫ್ಟ್‌ವೇರಿಗೆ ಅದು ಸಾಮಾನ್ಯ ಸಂಖ್ಯೆ. ಅದನ್ನೂ ಸೇರಿಸಿ ಕ್ವಾರ್ಟೈಲ್ ಲೆಕ್ಕ ಹಾಕುತ್ತದೆ. ಬಾಕ್ಸಿನ ಕೆಳಗೆ ದೂರದಲ್ಲಿ ಒಂಟಿ ಚುಕ್ಕಿ ಕಂಡರೆ ಮೊದಲು ಇದನ್ನೇ ಅನುಮಾನಿಸಬೇಕು. ಎಕ್ಸ್‌ಪ್ರೆಶನ್‌ನಲ್ಲಿ ಆ ಗುರುತನ್ನು ನಲ್, ಅಂದರೆ ಖಾಲಿ, ಮಾಡುವುದು ಸುಲಭ. ಮೊದಲು ಗೊತ್ತಾಗಬೇಕು, ಅಷ್ಟೇ.

ಜಾಯಿನ್ ಸರಿಪಡಿಸಲು, -99 ಇದ್ದ ಸಾಲುಗಳಿಗೆ ಮಾತ್ರ ಅದೇ ಲೇಯರಿನ ಇನ್ನೊಂದು ಕೋಡ್ ಫೀಲ್ಡ್ ಬಳಸಿದೆವು. ಆಡಳಿತ ಘಟಕದ ಮೂರಕ್ಷರದ ಕೋಡ್ ಅದು. ಅಲ್ಲಿ ಫ್ರಾನ್ಸಿಗೂ ನಾರ್ವೆಗೂ ಅವುಗಳ ಕೋಡ್ ಸರಿಯಾಗಿಯೇ ಇದೆ. ಪ್ರತಿ ಸಾಲಿಗೂ ಬೇರೆ ಕೋಡ್ ಇದೆ. ಡೂಪ್ಲಿಕೇಟ್ ತೆಗೆಯುವಾಗ ಕೊಡಬೇಕಾದದ್ದೂ ಇದನ್ನೇ. ಐಎಸ್‌ಒ ಕೋಡ್ ಕೊಟ್ಟಿದ್ದರೆ -99 ಇರುವ ಐದು ದೇಶಗಳಲ್ಲಿ ಒಂದೇ ಉಳಿಯುತ್ತಿತ್ತು.

ಉಳಿದ ಮೂರಕ್ಕೆ, ಅಂದರೆ ಕೊಸೊವೊ, ಉತ್ತರ ಸೈಪ್ರಸ್, ಸೊಮಾಲಿಲ್ಯಾಂಡ್‌ಗೆ, ಅವರ ಪಟ್ಟಿಯಲ್ಲಿ ವಿಸ್ತೀರ್ಣವೇ ಇರಲಿಲ್ಲ. ಆ ಮೂರಕ್ಕೆ ನಕ್ಷೆಯ ಆಕಾರದಿಂದಲೇ ವಿಸ್ತೀರ್ಣ ತೆಗೆದೆವು. ಅದಕ್ಕೂ ಒಂದು ಎಚ್ಚರ ಬೇಕು. ಕ್ಯೂಜಿಐಎಸ್‌ನಲ್ಲಿ ಡಾಲರ್ ಚಿಹ್ನೆ ಹಚ್ಚಿದ ಏರಿಯಾ ಎಕ್ಸ್‌ಪ್ರೆಶನ್ ಪ್ರಾಜೆಕ್ಟಿನ ಎಲಿಪ್ಸಾಯ್ಡ್ (ಭೂಮಿಯ ದುಂಡಗಿನ ಆಕಾರದ ಮಾದರಿ) ಹಿಡಿದು ಭೂಮಿಯ ಮೇಲಿನ ವಿಸ್ತೀರ್ಣ ಕೊಡುತ್ತದೆ. ಚಿಹ್ನೆ ಇಲ್ಲದೆ, ಬ್ರಾಕೆಟ್ಟಿನಲ್ಲಿ ಜ್ಯಾಮಿಟ್ರಿ (ಆಕಾರ) ಕೊಡುವ ಏರಿಯಾ ಫಂಕ್ಷನ್ ಲೇಯರಿನ ಸಮತಟ್ಟು ಲೆಕ್ಕ ಕೊಡುತ್ತದೆ. ಈ ಲೇಯರ್ ಅಕ್ಷಾಂಶ ರೇಖಾಂಶದಲ್ಲಿ ಇರುವುದರಿಂದ ಆ ಉತ್ತರ ಚದರ ಡಿಗ್ರಿಯಲ್ಲಿ ಬರುತ್ತದೆ. ಯಾವ ಉಪಯೋಗಕ್ಕೂ ಬಾರದು. ಆನ್‌ಲೈನ್ ನಕ್ಷೆಗಳಲ್ಲಿ ಕಾಣುವ ವೆಬ್ ಮರ್ಕೇಟರ್ ಎಂಬ ಚಪ್ಪಟೆ ನಕ್ಷೆಯ ಪದ್ಧತಿಗೆ ಬದಲಿಸಿ ಲೆಕ್ಕ ಹಾಕಿದರೂ ತಪ್ಪೇ. ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಉತ್ತರದ ದೇಶಗಳ ವಿಸ್ತೀರ್ಣ ಹಿಗ್ಗಿದರೆ ಅವುಗಳ ಸಾಂದ್ರತೆ ಕುಗ್ಗುತ್ತದೆ, ಯುರೋಪಿನ ಬಾಕ್ಸ್ ಪೂರ್ತಿ ಕೆಳಗೆ ಜಾರುತ್ತದೆ.

ಅಂಟಾರ್ಕ್ಟಿಕಾ ಮತ್ತು 'ಏಳು ಸಮುದ್ರಗಳು' ಗುಂಪುಗಳನ್ನು ಫಿಲ್ಟರ್ ಹಾಕಿ ತೆಗೆದೆವು. ಒಂದೇ ಸಾಲಿನಿಂದ ಬಾಕ್ಸ್ ಬರುವುದಿಲ್ಲ, ಸುಮ್ನೆ ಒಂದು ಅಡ್ಡಗೆರೆ ಬರುತ್ತದೆ.

ಲಾಗ್ ಅಕ್ಷವೋ, ಲಾಗ್ ಅಂಕಿಯೋ

ಸಾಲುಗಳು ಸರಿಯಾದವು. ಆದರೂ ಚಿತ್ರ ಓದಲು ಕಷ್ಟ. ಈ ಲೇಯರಿನಲ್ಲಿ ಬಾಂಗ್ಲಾದೇಶದ ಸಾಂದ್ರತೆ ಸಾವಿರ ದಾಟುತ್ತದೆ. ಮಂಗೋಲಿಯಾದ್ದು ಸುಮಾರು 2. ಬಾಂಗ್ಲಾದೇಶದ ಒಂದು ಚುಕ್ಕಿಗೆ ಜಾಗ ಕೊಡಲು ಅಕ್ಷ ಅಷ್ಟೆತ್ತರ ಹೋಗುತ್ತದೆ. ದಕ್ಷಿಣ ಅಮೆರಿಕ, ಓಷಿಯಾನಿಯಾ ತಳದಲ್ಲಿ ಒತ್ತಿಕೊಂಡು ಕೂರುತ್ತವೆ. ಸಾಂದ್ರತೆ, ಜನಸಂಖ್ಯೆ, ವಿಸ್ತೀರ್ಣ, ಆದಾಯ, ಇಂಥ ಅಂಕಿಗಳೆಲ್ಲ ಹೀಗೇ. ಬಹುಪಾಲು ಚಿಕ್ಕವು, ಕೆಲವು ಮಾತ್ರ ಭಾರೀ ದೊಡ್ಡವು. ಇವುಗಳಿಗೆ ಲಾಗ್ ಬೇಕು, ಅಂದರೆ 1, 10, 100, 1000 ಸಮಾನ ಅಂತರದಲ್ಲಿ ಬರುವ ಅಳತೆ.

ಡೇಟಾ ಪ್ಲಾಟ್ಲಿಯಲ್ಲಿ ಲಾಗ್ ತರಲು ಎರಡು ದಾರಿ ಇವೆ. ಎರಡೂ ಒಂದೇ ಅಂತ ಬಹಳ ಮಂದಿ ತಿಳಿದಿರುತ್ತಾರೆ. ಒಂದೇ ಅಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ತಾಂತ್ರಿಕ ವಿಷಯ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ದಾರಿ, ಅಕ್ಷದ ಬಗೆಯನ್ನು ಲಾಗರಿದಮಿಕ್ ಮಾಡುವುದು. ಹೀಗೆ ಮಾಡಿದಾಗ ಕ್ವಾರ್ಟೈಲ್, ಔಟ್‌ಲೈಯರ್ ಗಡಿ ಎಲ್ಲ ಮೂಲ ಅಂಕಿಯ ಮೇಲೇ ಲೆಕ್ಕ ಆಗುತ್ತವೆ. ಆಮೇಲೆ ಚಿತ್ರವನ್ನು ಮಾತ್ರ ಲಾಗ್ ಅಳತೆಯಲ್ಲಿ ಹಿಗ್ಗಿಸಿ ಬರೆಯಲಾಗುತ್ತದೆ. ಎರಡನೇ ದಾರಿ, ಅಕ್ಷವನ್ನು ಹಾಗೇ ಬಿಟ್ಟು, ಫೀಲ್ಡಿನ ಜಾಗದಲ್ಲಿ ಸಾಂದ್ರತೆಯ ಲಾಗ್ 10 ಎಕ್ಸ್‌ಪ್ರೆಶನ್ ಕೊಡುವುದು. ಇಲ್ಲಿ ಲೆಕ್ಕವೇ ಲಾಗ್ ಅಂಕಿಯ ಮೇಲೆ ನಡೆಯುತ್ತದೆ.

ಉತ್ತರ ಅಮೆರಿಕದಲ್ಲಿ ಇದರ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮೂಲ ಅಂಕಿಯಲ್ಲಿ ಕ್ವಾರ್ಟೈಲ್‌ಗಳು ಸುಮಾರು 35 ಮತ್ತು 270. ಅಂತರ 235. ಅದರ ಒಂದೂವರೆ ಪಟ್ಟನ್ನು 35ರಿಂದ ಕಳೆದರೆ ಕೆಳಗಿನ ಗಡಿ ಸುಮಾರು -317. ಜನಸಾಂದ್ರತೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಅಂದರೆ ಈ ಲೆಕ್ಕದಲ್ಲಿ ಯಾವ ದೇಶವೂ, ಎಷ್ಟೇ ಖಾಲಿ ಇರಲಿ, ಕೆಳಗಡೆಯ ಔಟ್‌ಲೈಯರ್ ಆಗುವುದು ಸಾಧ್ಯವೇ ಇಲ್ಲ. ಗ್ರೀನ್‌ಲ್ಯಾಂಡಿನ ಸಾಂದ್ರತೆ ಸುಮಾರು 0.03. ಅಂದರೆ ನೂರು ಚದರ ಕಿಲೋಮೀಟರಿಗೆ ಮೂವರು. ಅದು ಕೂಡ 'ಸಾಮಾನ್ಯ' ದೇಶ ಅನ್ನಿಸಿಕೊಳ್ಳುತ್ತದೆ, ಮೀಸೆಯ ತುದಿ ಅಲ್ಲಿಯವರೆಗೂ ಇಳಿಯುತ್ತದೆ.

ಲಾಗ್ ಅಂಕಿಯಲ್ಲಿ ಅದೇ ಕ್ವಾರ್ಟೈಲ್‌ಗಳು ಸುಮಾರು 1.54 ಮತ್ತು 2.43. ಅಂತರ 0.89. ಕೆಳಗಿನ ಗಡಿ ಸುಮಾರು 0.2. ಮೂಲ ಅಂಕಿಗೆ ಮರಳಿಸಿದರೆ ಚದರ ಕಿಲೋಮೀಟರಿಗೆ ಒಂದೂವರೆ ಜನ. ಕೆನಡಾ ಇದರ ಒಳಗೇ ಉಳಿಯುತ್ತದೆ. ಗ್ರೀನ್‌ಲ್ಯಾಂಡಿನ ಲಾಗ್ -1.5, ಗಡಿಯ ಹೊರಗೆ ಒಂಟಿ ಚುಕ್ಕಿಯಾಗಿ ನಿಲ್ಲುತ್ತದೆ. ಆ ಖಂಡದ ಬಗ್ಗೆ ಗೊತ್ತಿರುವ ಯಾರಿಗಾದರೂ ಇದೇ ಸರಿ ಅನ್ನಿಸುತ್ತದೆ.

ಹಾಗಾಗಿ ಅವರಿಗೆ ಎರಡನೇ ದಾರಿಯನ್ನೇ ಹೇಳಿದೆ. ಅದಕ್ಕೆ ಎರಡು ಷರತ್ತುಗಳಿವೆ. ಅಕ್ಷದ ಮೇಲೆ 0, 1, 2, 3 ಅಂತ ಬರುತ್ತದೆ. ಅವು 1, 10, 100, 1000 ಅಂತ ಓದುಗರಿಗೆ ಬರೆದು ಹೇಳಲೇಬೇಕು. ಮತ್ತೆ, ಸೊನ್ನೆಗೆ ಲಾಗ್ ಇಲ್ಲ. ಜನರೇ ಇಲ್ಲದ ದ್ವೀಪ ಲೇಯರಿನಲ್ಲಿ ಇದ್ದರೆ ಆ ಸಾಲು ಖಾಲಿಯಾಗಿ ಕಾಣೆಯಾಗುತ್ತದೆ. ಎಣಿಕೆಯನ್ನು ಮತ್ತೆ ತಾಳೆ ನೋಡಬೇಕು.

ಒಂದೂವರೆ ಪಟ್ಟಿನ ಈ ನಿಯಮ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಅವರದು. 1977ರಲ್ಲಿ ಅವರು ಇದನ್ನು ವಿವರಿಸಿದ್ದು ಪೆನ್ಸಿಲ್ ಹಿಡಿದು ಬೇಗ ಬರೆದು ನೋಡಬಹುದಾದ ಚಿತ್ರವಾಗಿ. ಹೊರಗೆ ಬಿದ್ದ ಚುಕ್ಕಿ ಅಂದರೆ 'ಇದನ್ನು ಒಮ್ಮೆ ಹತ್ತಿರದಿಂದ ನೋಡಿ' ಅಂತ ಅರ್ಥ. ತಪ್ಪು ಡೇಟಾ, ಅಳಿಸಿಬಿಡಿ ಅಂತ ಅಲ್ಲ. ನಕ್ಷೆ ಸಾಫ್ಟ್‌ವೇರಿನಲ್ಲಿ ಹಾಗೆ ಹತ್ತಿರದಿಂದ ನೋಡುವುದು ಬಹಳ ಸುಲಭ. ಚುಕ್ಕಿಯನ್ನು ಪ್ಲಾಟಿನಲ್ಲಿ ಆರಿಸಿದರೆ ಆ ದೇಶ ನಕ್ಷೆಯಲ್ಲಿ ಹಳದಿಯಾಗುತ್ತದೆ. ಬೇರೆ ಎಲ್ಲೋ ಪ್ಲಾಟ್ ಬರೆಯುವ ಬದಲು ಇಲ್ಲೇ ಬರೆಯುವುದಕ್ಕೆ ನನ್ನ ಪ್ರಕಾರ ಇದೊಂದೇ ಕಾರಣ ಸಾಕು.

ಏಳು ಸಾಲಿನ ಓಷಿಯಾನಿಯಾ

ಓಷಿಯಾನಿಯಾದ ಬಾಕ್ಸ್ ವಿಷಯದಲ್ಲಿ ಅವರಿಗೆ ಬೇರೆ ಅನುಮಾನ ಬಂತು. ಸ್ಟ್ಯಾಟಿಸ್ಟಿಕ್ಸ್ ಟೇಬಲಿನಲ್ಲಿ ಬಂದ ಕ್ವಾರ್ಟೈಲ್ ಒಂದು, ಪ್ಲಾಟಿನ ಮೇಲೆ ಮೌಸ್ ಇಟ್ಟಾಗ ತೋರಿಸುವ ಕ್ವಾರ್ಟೈಲ್ ಇನ್ನೊಂದು. ಯಾವುದು ಸರಿ?

ಎರಡೂ ಸರಿ. ಕ್ವಾರ್ಟೈಲ್ ಲೆಕ್ಕ ಹಾಕಲು ಹಲವು ಪದ್ಧತಿಗಳಿವೆ. 1ರಿಂದ 7ರವರೆಗಿನ ಏಳು ಅಂಕಿ ತೆಗೆದುಕೊಳ್ಳಿ. ಮೀಡಿಯನ್ 4. ಕೆಳಗಿನ ಅರ್ಧದಲ್ಲಿ ಮೀಡಿಯನ್ನನ್ನೂ ಸೇರಿಸಿಕೊಂಡರೆ 1, 2, 3, 4. ಅದರ ನಡುವೆ 2.5. ಮೀಡಿಯನ್ನನ್ನು ಬಿಟ್ಟರೆ 1, 2, 3. ಅದರ ನಡುವೆ 2. ಪ್ಲಾಟ್ಲಿ ಲೈಬ್ರರಿ ಬೇರೆ ಏನೂ ಹೇಳದಿದ್ದರೆ ಲೀನಿಯರ್ ಎಂಬ ಮೂರನೇ ಪದ್ಧತಿ ಹಿಡಿಯುತ್ತದೆ. ಅದರಲ್ಲಿ 2.25. ಕ್ಯೂಜಿಐಎಸ್‌ನ ಸ್ವಂತ ಲೆಕ್ಕ ಮೀಡಿಯನ್ನನ್ನು ಎರಡೂ ಅರ್ಧಕ್ಕೆ ಸೇರಿಸಿಕೊಳ್ಳುವ ಪದ್ಧತಿ. ಆಫ್ರಿಕಾದಂಥ 51 ಸಾಲಿನ ಗುಂಪಿನಲ್ಲಿ ಈ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ. ಏಳು ಸಾಲಿನಲ್ಲಿ ಬಾಕ್ಸಿನ ಅಂಚೇ ಜರುಗುತ್ತದೆ. ಟೇಬಲ್ ಮತ್ತು ಚಿತ್ರ ಎರಡನ್ನೂ ಅಚ್ಚು ಮಾಡುವುದಾದರೆ ಎರಡಕ್ಕೂ ಒಂದೇ ಮೂಲ ಇರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಏಳು ಅಂಕಿಗೆ ಬಾಕ್ಸೇ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪಾಪುವಾ ನ್ಯೂಗಿನಿ, ಫಿಜಿ, ಸಾಲಮನ್ ದ್ವೀಪಗಳು, ವನುವಾಟು, ನ್ಯೂ ಕ್ಯಾಲೆಡೋನಿಯಾ, ಏಳನ್ನೂ ಚುಕ್ಕಿಯಾಗಿ ತೋರಿಸಿದರೆ ಓದುಗರಿಗೆ ಎಲ್ಲ ಸಿಕ್ಕಿತು. ಪ್ಲಗಿನ್‌ನಲ್ಲಿ ಔಟ್‌ಲೈಯರ್ ಆಯ್ಕೆಯಲ್ಲಿ 'ಆಲ್ ಪಾಯಿಂಟ್ಸ್' ಹಾಕಿದರೆ ಬಾಕ್ಸಿನ ಪಕ್ಕ ಎಲ್ಲ ಚುಕ್ಕಿಗಳೂ ಬರುತ್ತವೆ. ಎಣಿಕೆಯ ಕೊರತೆಯೂ ಅದರಿಂದ ಅರ್ಧ ನೀಗುತ್ತದೆ, ಎಲ್ಲಿ ದಟ್ಟ ಎಲ್ಲಿ ವಿರಳ ಅಂತ ಕಣ್ಣಿಗೇ ಕಾಣುತ್ತದೆ. ಅವರು ಎಲ್ಲ ಖಂಡಗಳಿಗೂ ಅದನ್ನೇ ಹಾಕಿದರು.

ಲೇಯರಿನಲ್ಲೇ ಇಲ್ಲದ ದೇಶಗಳು

ಕೊನೆಗೆ ಉಳಿದದ್ದು ಸೆಟ್ಟಿಂಗ್‌ನಿಂದ ಸರಿಹೋಗದ ವಿಷಯ. ಪ್ರಪಂಚದ ಅತಿ ದಟ್ಟ ದೇಶಗಳು ಯಾವುವು? ಮೊನಾಕೊ, ಸಿಂಗಪುರ, ಬಹ್ರೇನ್, ಮಾಲ್ಡೀವ್ಸ್, ಮಾಲ್ಟಾ. ಇವು ಯಾವುವೂ 1:110 ದಶಲಕ್ಷದ ಲೇಯರಿನಲ್ಲಿ ಇಲ್ಲ. ಆ ಅಳತೆಯಲ್ಲಿ ಬರೆಯಲು ಆಗದಷ್ಟು ಚಿಕ್ಕವು ಅಂತ ನಕ್ಷೆ ಮಾಡಿದವರು ಬಿಟ್ಟಿದ್ದಾರೆ. ನಕ್ಷೆಗೆ ಅದು ಸರಿಯಾದ ತೀರ್ಮಾನ. ಬಾಕ್ಸ್‌ಪ್ಲಾಟಿಗೆ ಅಲ್ಲ. ಚಿಕ್ಕ ದೇಶಗಳೇ ಸಾಮಾನ್ಯವಾಗಿ ದಟ್ಟ ದೇಶಗಳು. ಅವು ಹೋದರೆ ಎಲ್ಲ ಖಂಡಗಳ ಮೇಲಿನ ತುದಿಯನ್ನೇ ಕತ್ತರಿಸಿದ ಹಾಗೆ. ಸಿಂಗಪುರದ ಸಾಂದ್ರತೆ 8,000ದ ಆಸುಪಾಸು. ಮೊನಾಕೊದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಬಾಂಗ್ಲಾದೇಶವನ್ನು ಮೇಲಿನ ತುದಿ ಅಂತ ತೋರಿಸಿದ ಚಿತ್ರ ಅರ್ಧ ನಿಜ ಮಾತ್ರ.

ಇದನ್ನು ಹೇಳಿದಾಗ ಅವರು 1:50 ದಶಲಕ್ಷದ ಲೇಯರ್ ತಂದು ಪ್ಲಾಟನ್ನು ಮತ್ತೆ ಬರೆದರು. ಇಲ್ಲಿ ಸಾಲುಗಳು 240ಕ್ಕಿಂತ ಜಾಸ್ತಿ. ಈ ಚಿಕ್ಕ ದೇಶಗಳು ಬಂದವು. ಮೊನಾಕೊದಂಥ ಚೂರು ದೇಶಕ್ಕೆ ನಕ್ಷೆಯ ಆಕಾರದಿಂದ ವಿಸ್ತೀರ್ಣ ತೆಗೆದರೆ ಉತ್ತರ ಎಷ್ಟೋ ಪಟ್ಟು ತಪ್ಪಬಹುದು. ಸುಮಾರು ಎರಡು ಚದರ ಕಿಲೋಮೀಟರಿನ ಜಾಗವನ್ನು ಆ ಅಳತೆಯ ಗೆರೆಯಲ್ಲಿ ನಿಖರವಾಗಿ ಹಿಡಿಯಲು ಆಗುವುದಿಲ್ಲ. ವಿಸ್ತೀರ್ಣವನ್ನು ಪಟ್ಟಿಯಿಂದ ಜಾಯಿನ್ ಮಾಡುವ ಅವರ ಮೊದಲ ತೀರ್ಮಾನ ಇಲ್ಲಿ ಕೈ ಹಿಡಿಯಿತು. ಆದರೆ ಹೊಸ ತೊಡಕು ಬಂತು. ಈ ಲೇಯರಿನಲ್ಲಿ ದೇಶಗಳ ಜೊತೆ ದೂರದ ಆಡಳಿತ ಪ್ರದೇಶಗಳೂ ಬೇರೆ ಬೇರೆ ಸಾಲಾಗಿವೆ. ಪುಟದ ತಲೆಬರಹ 'ದೇಶಗಳು' ಅನ್ನುತ್ತದೆ. ಹಾಗಾದರೆ ಆ ಪ್ರದೇಶಗಳು ಇರಬೇಕಾ, ಬೇಡವಾ? ಮತ್ತೆ ಅದೇ ಪ್ರಶ್ನೆ, ಒಂದು ಸಾಲು ಅಂದರೆ ಏನು.

ಅವರು ಇರಲಿ ಅಂದರು. ನಾನು ಬೇಡ ಅಂದೆ. ಗ್ರೀನ್‌ಲ್ಯಾಂಡ್ ಕೂಡ ಸ್ವತಂತ್ರ ದೇಶ ಅಲ್ಲ, ಅದನ್ನು ಇಟ್ಟುಕೊಂಡು ಉಳಿದವನ್ನು ತೆಗೆಯುವುದು ಹೇಗೆ ಅಂತ ಅವರು ಕೇಳಿದರು. ಆ ಮಾತಿಗೆ ನನ್ನ ಬಳಿ ಒಳ್ಳೆಯ ಉತ್ತರ ಇರಲಿಲ್ಲ. ತಲೆಬರಹ 'ದೇಶಗಳು ಮತ್ತು ಪ್ರದೇಶಗಳು' ಅಂತ ಬದಲಾಯಿತು, ಎಲ್ಲ ಉಳಿದವು.

ಪ್ರಿಂಟ್ ಲೇಔಟಿನಲ್ಲಿ ಪ್ಲಾಟನ್ನು ನೇರವಾಗಿ ಸೇರಿಸುವ ಮುನ್ನ ಒಂದು ಟಿಕ್ ತೆಗೆಸಿದೆ. ನಕ್ಷೆಯಲ್ಲಿ ಕಾಣುವ ಫೀಚರ್‌ಗಳನ್ನು ಮಾತ್ರ ಬಳಸು ಅನ್ನುವ ಆಯ್ಕೆ ಅದು. ಡೇಟಾ ನೋಡುತ್ತಾ ಓಡಾಡುವಾಗ ಬಹಳ ಚೆನ್ನ. ಝೂಮ್ ಮಾಡಿದಂತೆ ಬಾಕ್ಸ್ ಬದಲಾಗುತ್ತದೆ. ಅಚ್ಚಿನ ಪುಟದಲ್ಲಿ ಅದು ಉಳಿದುಬಿಟ್ಟರೆ, ನಕ್ಷೆಯ ಅಂಚಿನಿಂದ ಹೊರಗೆ ಹೋದ ದೇಶಗಳು ಲೆಕ್ಕದಿಂದಲೂ ಹೋಗುತ್ತವೆ.

ಪುಟದ ಅಡಿಬರಹದಲ್ಲಿ ಪ್ರತಿ ಖಂಡದ ಹೆಸರಿನ ಮುಂದೆ ಸಾಲುಗಳ ಎಣಿಕೆ ಬಂತು. ಜೊತೆಗೆ ಮೂರು ಸಣ್ಣ ವಾಕ್ಯಗಳು. ಅಕ್ಷ ಲಾಗ್ ಅಳತೆಯದು, 2 ಅಂದರೆ ನೂರು ಜನ. ಪ್ರತಿ ದೇಶಕ್ಕೂ ಸಮಾನ ತೂಕ, ಹಾಗಾಗಿ ಬಾಕ್ಸಿನ ಮೀಡಿಯನ್ ಆ ಖಂಡದ ಒಟ್ಟು ಜನಸಾಂದ್ರತೆ ಅಲ್ಲ. ರಷ್ಯಾವನ್ನು ಯುರೋಪಿನಲ್ಲಿ ಸೇರಿಸಿದೆ. ಕೊನೆಯದನ್ನು ಸೇರಿಸಿದ್ದು ಅವರೇ. ಲೇಯರಿನಲ್ಲಿ ಹಾಗಿದೆ ಅಂತ ಸುಮ್ಮನೆ ಒಪ್ಪಿಕೊಂಡಿದ್ದೆವು, ಓದುವವರಿಗೆ ಅದು ಗೊತ್ತಿರುವುದಿಲ್ಲ.